ಹಳೇ ಲೆಕ್ಕ, ಭಾಗ 7: ಬಿಳಿ ಅಕ್ಕಿ ಹಳ್ಳಿಯ ಚರ್ಚು

ಹೋದ ವಾರ ಕಾಲೇಜು ಮುಗಿಸಿ ನಾವು ನಾಲ್ಕು ಜನ ರಸೆಲ್ ಮಾರ್ಕೆಟ್ ಮುಂದೆ ಜ್ಯೂಸ್ ಕುಡೀತಾ ನಿಂತಿದ್ವಿ. ಎದುರಿಗೇ ಸೇಂಟ್ ಮೇರೀಸ್ ಬೆಸಿಲಿಕಾ. ನಮ್ಮಲ್ಲೊಬ್ಬ ಕತ್ತೆತ್ತಿ ನೋಡಿ, "ಬ್ರಿಟಿಷ್‌ನೋರು ಎಂಥಾ ಚರ್ಚ್ ಕಟ್ಟಿಟ್ಟು ಹೋಗಿದ್ದಾರೆ ನೋಡ್ರೋ" ಅಂದ. ಹೊಗಳೋಕೇ ಅಂದಿದ್ದು. ಆದ್ರೆ ಜೊತೇಲಿದ್ದ ಒಬ್ಬಳು, ಅವಳ ಮನೆಯೋರು ಮೂರು ತಲೆಮಾರಿಂದ ಇದೇ ಚರ್ಚಿನವರು, ಸುಮ್ನೆ ಮೊಬೈಲ್ ನೋಡ್ತಾ ನಿಂತಳು. ಬಸ್ ಹತ್ತಿದ ಮೇಲೆ ನನಗಷ್ಟೇ ಕೇಳೋ ಹಾಗೆ ಅಂದಳು: "ನಮ್ಮಜ್ಜಿ ಇದ್ದಿದ್ರೆ ಅವನಿಗೆ ಸರಿಯಾಗಿ ಬೈತಿದ್ರು."

ಯಾಕೆ ಬೈತಿದ್ರು ಅಂತ ಹುಡುಕೋಕೆ ಹೋಗಿ ಈ ಭಾಗ ಆಯ್ತು. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಶುರು ಗೋಪುರದಿಂದ ಅಲ್ಲ, ಅಕ್ಕಿಯಿಂದ. ಹದಿನೇಳನೇ ಶತಮಾನದಲ್ಲಿ ತಮಿಳುನಾಡಿನ ಜಿಂಜಿ ಕಡೆಯಿಂದ ಒಂದಷ್ಟು ಕ್ರೈಸ್ತ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದ್ವಂತೆ. ಭತ್ತ ಬೆಳೆಯೋ ಜನ. ಅದಕ್ಕೇ ಈ ಜಾಗಕ್ಕೆ ಬಿಳಿ ಅಕ್ಕಿ ಪಳ್ಳಿ ಅಂತ ಹೆಸರು ಬಂತು, ಇಂಗ್ಲಿಷರ ಬಾಯಲ್ಲಿ ಅದು ಬ್ಲ್ಯಾಕ್‌ಪಲ್ಲಿ ಆಯ್ತು ಅಂತಾರೆ. ಬಿಳಿ ಅಕ್ಕಿ ಹೋಗಿ ಕಪ್ಪು ಹಳ್ಳಿ! ಇನ್ನು ಕೆಲವರು ದಂಡಿನ ನಕ್ಷೆ ಹಾಕಿದ ಬ್ಲಾಕಿಸ್ಟನ್ ಅನ್ನೋ ಅಧಿಕಾರಿಯಿಂದ ಆ ಹೆಸರು ಬಂತು ಅಂತಾರೆ. ನನ್ನ ಓಟು ಅಕ್ಕಿಗೆ. ಯಾವುದೇ ಇರಲಿ, ಬ್ರಿಟಿಷರ ದಂಡು ಇಲ್ಲಿ ಬೀಡು ಬಿಟ್ಟಿದ್ದು 1809ರಲ್ಲಿ. ಗದ್ದೆಯೋರು ಅದಕ್ಕೂ ಎಷ್ಟೋ ಮುಂಚಿನವರು. ಅವರು ಹುಲ್ಲು ಹೊದಿಸಿದ ಒಂದು ಗುಡಿಸಲಲ್ಲಿ ಮಾತೆಯನ್ನ ಇಟ್ಟು ಪೂಜಿಸ್ತಿದ್ರು. 'ಕಾಣಿಕ್ಕೈ ಮಾದಾ' ಅಂತ ಕರೀತಿದ್ರು, ಅಂದ್ರೆ ಕಾಣಿಕೆ ಮಾತೆ.

ಇನ್ನು ಅಬ್ಬೆ ದುಬ್ವಾ. ಈ ಮನುಷ್ಯನ ಬಗ್ಗೆನೇ ಒಂದು ಸೀರೀಸ್ ಮಾಡಬಹುದು. ಫ್ರಾನ್ಸಿನ ಪಾದ್ರಿ. ಇಂಡಿಯಾಕ್ಕೆ ಬಂದಿದ್ದು 1792ರಲ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ. ನಮ್ಮ ಬಟ್ಟೆ ಉಟ್ಟು, ನಮ್ಮ ಊಟ ಮಾಡಿಕೊಂಡು ಹಳ್ಳಿ ಹಳ್ಳಿ ಸುತ್ತಿದವನು. ಜನ 'ದೊಡ್ಡ ಸ್ವಾಮಿಯೋರು' ಅಂತಿದ್ರು. ಸಿಡುಬಿಗೆ ದಾಕು ಹಾಕಿಸೋದು ಆಗಿನ್ನೂ ಹೊಸದು, ಜನಕ್ಕೆ ಭಯ. ಅವರನ್ನ ಒಪ್ಪಿಸಿ ಸಾವಿರಾರು ಮಂದಿಗೆ ಹಾಕಿಸಿದ. ನಮ್ಮ ಜನರ ರೀತಿ ನೀತಿ ಮೇಲೆ ದಪ್ಪ ಪುಸ್ತಕ ಬರೆದ, ಅದರ ಹಸ್ತಪ್ರತಿಯನ್ನ ಕಂಪನಿ ಸರ್ಕಾರ 1807ರಲ್ಲಿ 2,000 ಸ್ಟಾರ್ ಪಗೋಡ ಕೊಟ್ಟು ಕೊಂಡ್ಕೊಂಡಿತು. (ಬಿಕಾಂ ಬುದ್ಧಿ ಬಿಡುತ್ತಾ? ಒಂದು ಪಗೋಡಕ್ಕೆ ಮೂರೂವರೆ ರೂಪಾಯಿ ಹಿಡಿದ್ರೆ 7,000 ರೂಪಾಯಿ. ಆ ಕಾಲದಲ್ಲಿ!) ಆ ಪುಸ್ತಕದಲ್ಲಿ ನಮ್ಮ ಬಗ್ಗೆ ಸಿಟ್ಟು ಬರಿಸೋ ಮಾತುಗಳೂ ಬೇಕಾದಷ್ಟಿವೆ, ಅದನ್ನ ಮುಚ್ಚಿಡಲ್ಲ. ಆದ್ರೆ ತಮಾಷೆ ನೋಡಿ: ಮೂವತ್ತು ವರ್ಷ ಇಲ್ಲಿ ದುಡಿದ ಮೇಲೆ, ಹಿಂದೂಗಳನ್ನ ಮತಾಂತರ ಮಾಡೋದು ಆಗದ ಮಾತು ಅಂತ ತಾನೇ ಬರೆದು, 1823ರಲ್ಲಿ ವಾಪಸ್ ಹೊರಟುಹೋದ.

ಈ ದುಬ್ವಾ ಗುಡಿಸಲಿನ ಜಾಗದಲ್ಲಿ 1811ರಲ್ಲಿ ಒಂದು ಸಣ್ಣ ಚಾಪೆಲ್ ಕಟ್ಟಿಸಿದ. ಆಮೇಲೆ ಆಂಡ್ರಿಯಾಸ್ ಅಂತ ಪಾಂಡಿಚೇರಿಯಿಂದ ಬಂದ ಪಾದ್ರಿ, ನಮ್ಮ ದೇಶದವರೇ, ಅದನ್ನ ಶಿಲುಬೆ ಆಕಾರಕ್ಕೆ ಹಿಗ್ಗಿಸಿದ್ರು. ಈಗ ನೀವು ರೀಲ್ ಮಾಡೋ ಗಾಥಿಕ್ ಕಟ್ಟಡ ಬಂದಿದ್ದು ಇಷ್ಟೆಲ್ಲ ಆದ ಮೇಲೆ. ಕ್ಲೈನರ್ ಅನ್ನೋ ಪಾದ್ರಿ 1875ರಲ್ಲಿ ಶುರು ಮಾಡಿಸಿದ್ರು, 1882ರ ಸೆಪ್ಟೆಂಬರ್ 8ಕ್ಕೆ, ಅಂದ್ರೆ ಮಾತೆಯ ಹುಟ್ಟುಹಬ್ಬದ ದಿನಾನೇ, ಪ್ರತಿಷ್ಠೆ ಆಯ್ತು. ದುಬ್ವಾ ಥರಾನೇ ಇವರೂ ಪ್ಯಾರಿಸ್ಸಿನ ಮಿಷನ್‌ನವರು. ಲಂಡನ್ನಿಗೂ ಇದಕ್ಕೂ ಸಂಬಂಧ ಇಲ್ಲ ಮಗಾ. ಗೋಪುರ 160 ಅಡಿ. ಬಣ್ಣದ ಗಾಜಿನ ಕಿಟಕಿಗಳನ್ನ ಎರಡನೇ ಮಹಾಯುದ್ಧದ ಹೊತ್ತಲ್ಲಿ ಬಿಚ್ಚಿಟ್ಟಿದ್ರು, 1947ರಲ್ಲಿ ಮತ್ತೆ ಕೂರಿಸಿದ್ರು. ಬೆಸಿಲಿಕಾ ಅನ್ನೋ ಪದವಿ ಸಿಕ್ಕಿದ್ದು 1970ರ ದಶಕದಲ್ಲಿ.

ಒಂದು ವರ್ಷದ ಹತ್ತಿರ ಮಾತ್ರ ನಾನು ನಿಂತುಬಿಟ್ಟೆ. 1898. ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಮನೆ ಬಿಟ್ಟು ಊರಾಚೆ ಓಡಿದ್ರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದಿದ್ದೇ ಆ ಭಯದಿಂದ. ಊರಲ್ಲಿ ಪ್ಲೇಗಮ್ಮ ಅಂತ ಹೊಸ ದೇವರು ಹುಟ್ಟಿದಳು, ಗುಡಿ ಕಟ್ಟಿದ್ರು. ಅದೇ ಹೊತ್ತಲ್ಲಿ ಇಲ್ಲಿ ಜನ ಮೇರಿ ಮಾತೆ ಮುಂದೆ ಕೂತು ಅತ್ತು, ಅವಳನ್ನ ಆರೋಗ್ಯ ಮಾತೆ ಅಂತ ಕರೆದ್ರು. ಪೇಟೆಯೋರು ಒಬ್ಬ ಅಮ್ಮನ ಹತ್ತಿರ ಹೋದ್ರು, ದಂಡಿನೋರು ಇನ್ನೊಬ್ಬ ಅಮ್ಮನ ಹತ್ತಿರ. ಕೇಳಿದ್ದು ಒಂದನ್ನೇ.

ಇದನ್ನೆಲ್ಲ ಬರೆದು ಪೋಸ್ಟ್ ಮಾಡೋಕೆ ಮುಂಚೆ ಅವಳಿಗೆ ಕಳಿಸಿದೆ. ಎರಡು ಗಂಟೆ ಬ್ಲೂ ಟಿಕ್, ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ನೋಟ್ ಬಂತು. "ಎಲ್ಲಾ ಸರಿ ಇದೆ. ಸೀರೆ ವಿಷ್ಯ ಬಿಟ್ಟಿದ್ದೀಯ."

ಹೌದು, ಬಿಟ್ಟಿದ್ದೆ. ಈ ಗಾಥಿಕ್ ಕಮಾನುಗಳ ಕೆಳಗೆ ಇರೋ ಮಾತೆ ಉಡೋದು ಸೀರೆ. ಆಗಸ್ಟ್ 29ಕ್ಕೆ ಬಾವುಟ ಏರಿಸಿದ ಮೇಲೆ ಒಂಬತ್ತು ದಿನ ನೊವೇನ, ಸೆಪ್ಟೆಂಬರ್ 8ಕ್ಕೆ ತೇರು. ಪೂಜೆ ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ. ಕ್ಯಾಂಡಲ್ ಹಿಡಿದು ನಿಂತೋರಲ್ಲಿ ಕುಂಕುಮ ಇಟ್ಟೋರೂ ಇರ್ತಾರೆ, ಬುರ್ಖಾ ಹಾಕಿದೋರೂ ಇರ್ತಾರೆ. ಅವಳ ಅಜ್ಜಿ ಪ್ರತಿ ವರ್ಷ ಚೀಟಿ ದುಡ್ಡಲ್ಲಿ ಮೊದಲು ಮಾತೆಗೆ ಒಂದು ಸೀರೆ ತಗೊಂಡು, ಉಳಿದಿದ್ರಲ್ಲಿ ಮನೆಯೋರಿಗೆ ಬಟ್ಟೆ ತರ್ತಿದ್ರಂತೆ.

ಜ್ಯೂಸ್ ಕುಡೀತಾ ಮಾತಾಡಿದ ಮಹಾನುಭಾವನನ್ನ ಟ್ಯಾಗ್ ಮಾಡಿದ್ದೀನಿ. ಈ ಸಲ ತೇರಿಗೆ ಅವನೂ ಬರ್ತಾನಂತೆ. ಕೊನೇ ಫೋಟೋ ಅವಳ ಅಜ್ಜಿದು, ಅವಳನ್ನ ಕೇಳೇ ಹಾಕಿದ್ದು.