ವಿದೇಶದಲ್ಲಿರುವ ಸಾಕ್ಷಿಯ ವಿಚಾರಣೆ: ಕಾನೂನಿನ ಮಾರ್ಗಗಳು

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರು. ಇಂತಹ ನದಿತೀರದ ನೀರಾವರಿ ಜಮೀನಿನ ವಾಟ್ನಿಯ ಬಗ್ಗೆ ಸಿವಿಲ್ ದಾವೆ ಹೂಡಲಾಗಿದೆ, ವಾಟ್ನಿ ಪತ್ರಕ್ಕೆ ಸಾಕ್ಷಿ ಹಾಕಿದವರು ಈಗ ದುಬೈಯಲ್ಲೋ ಅಮೆರಿಕದಲ್ಲೋ ನೆಲೆಸಿದ್ದಾರೆ ಎಂದು ಭಾವಿಸಬಹುದು. ಅವರ ಹೇಳಿಕೆ ಇಲ್ಲದೆ ಪತ್ರ ಸಾಬೀತಾಗುವುದು ಕಷ್ಟ. ಭಾರತದ ನ್ಯಾಯಾಲಯದ ಸಮನ್ಸ್‌ಗೆ ಪರದೇಶದಲ್ಲಿ ಸಾಕ್ಷಿಯನ್ನು ಬಲವಂತವಾಗಿ ಹಾಜರುಪಡಿಸುವ ಶಕ್ತಿಯಿಲ್ಲ. ಆದರೂ ಕಾನೂನಿನಲ್ಲಿ ಇದಕ್ಕೆ ದಾರಿಗಳಿವೆ.

ಪ್ರಮಾಣಪತ್ರವಷ್ಟೇ ಸಾಲದು

ವಿದೇಶದಿಂದ ಪ್ರಮಾಣಪತ್ರ ತರಿಸಿ ಸಲ್ಲಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ತಪ್ಪು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 4ನೇ ನಿಯಮದಂತೆ ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬಹುದು. 1948ರ ಕಾಯಿದೆಯೊಂದರಂತೆ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಗಳಿಗೆ ಪ್ರಮಾಣವಚನ ಬೋಧಿಸುವ ಅಧಿಕಾರವೂ ಇದೆ. ಆದರೆ ಸಾಕ್ಷಿಯನ್ನು ಪಾಟೀ ಸವಾಲಿಗೆ ಒಳಪಡಿಸುವುದು ಎದುರು ಪಕ್ಷಗಾರರ ಹಕ್ಕು. ಅದಕ್ಕೆ ಸಾಕ್ಷಿ ದೊರೆಯದಿದ್ದರೆ ಪ್ರಮಾಣಪತ್ರದ ಬೆಲೆ ಕುಸಿಯುತ್ತದೆ.

ವಟಮುಖತ್ಯಾರ ಪತ್ರ ಪಡೆದ ತಮ್ಮನೋ ಮಗನೋ ಬದಲಿಗೆ ಸಾಕ್ಷಿ ನುಡಿಯಬಹುದೆಂಬ ನಂಬಿಕೆಯೂ ಸರಿಯಲ್ಲ. ಪಕ್ಷಗಾರನಿಗೆ ಮಾತ್ರ ಸ್ವತಃ ಗೊತ್ತಿರುವ ಸಂಗತಿಗಳ ಬಗ್ಗೆ ಮುಖತ್ಯಾರನು ಆತನ ಪರವಾಗಿ ಸಾಕ್ಷ್ಯ ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಕಮಿಷನ್ ಮತ್ತು ವಿನಂತಿ ಪತ್ರ

ಸಂಹಿತೆಯ 26ನೇ ಆದೇಶದ 5ನೇ ನಿಯಮವು ಭಾರತದ ಹೊರಗಿರುವವರ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಆ ಸಾಕ್ಷ್ಯ ಅಗತ್ಯವೆಂದು ಮನವರಿಕೆಯಾದಲ್ಲಿ ನ್ಯಾಯಾಲಯವು ಕಮಿಷನ್ ನೇಮಿಸಬಹುದು ಅಥವಾ ವಿದೇಶದ ನ್ಯಾಯಾಲಯಕ್ಕೆ ವಿನಂತಿ ಪತ್ರ ಕಳುಹಿಸಬಹುದು. ಸಾಕ್ಷಿ ತಾನಾಗಿ ಬರಲೊಪ್ಪದಿದ್ದಾಗ ವಿನಂತಿ ಪತ್ರವೇ ಮುಖ್ಯ ಆಸರೆ. ಅಲ್ಲಿಯ ನ್ಯಾಯಾಲಯ ಮಾತ್ರ ತನ್ನ ಕಾನೂನಿನಂತೆ ಆತನನ್ನು ಕರೆಸಬಲ್ಲದು.

ಸಿವಿಲ್ ಮತ್ತು ವಾಣಿಜ್ಯ ವಿಷಯಗಳ ಸಾಕ್ಷ್ಯ ಸಂಗ್ರಹಣೆ ಕುರಿತ 1970ರ ಹೇಗ್ ಒಪ್ಪಂದಕ್ಕೆ ಭಾರತ 2007ರಲ್ಲಿ ಸೇರಿತು. ಅಮೆರಿಕವೂ ಅದರ ಸದಸ್ಯ ರಾಷ್ಟ್ರ. ಸಂಯುಕ್ತ ಅರಬ್ ಎಮಿರೇಟ್ಸ್‌ನೊಂದಿಗೆ 1999ರಲ್ಲಿ ಪ್ರತ್ಯೇಕ ಒಪ್ಪಂದವಾಗಿದೆ. ಆದುದರಿಂದ ಸಾಕ್ಷಿ ಯಾವ ದೇಶದಲ್ಲಿದ್ದಾರೆ ಎಂಬುದರ ಮೇಲೆ ಮಾರ್ಗ ನಿರ್ಧಾರವಾಗುತ್ತದೆ. ಪತ್ರ ವ್ಯವಹಾರ ಮತ್ತು ಭಾಷಾಂತರಕ್ಕೆ ತಿಂಗಳುಗಳು ಹಿಡಿಯುವುದುಂಟು.

ತೆರೆಯ ಮೇಲಿನ ಸಾಕ್ಷಿ

ಸ್ವಇಚ್ಛೆಯಿಂದ ನುಡಿಯುವ ಸಾಕ್ಷಿಗೆ ವಿಡಿಯೋ ಕಾನ್ಫರೆನ್ಸ್ ಸುಲಭ ಮಾರ್ಗ. ಮಹಾರಾಷ್ಟ್ರ ಸರ್ಕಾರ ಮತ್ತು ಡಾ. ಪ್ರಫುಲ್ ದೇಸಾಯಿ ನಡುವಣ ಕ್ರಿಮಿನಲ್ ಪ್ರಕರಣದಲ್ಲಿ ಅಮೆರಿಕದ ವೈದ್ಯರೊಬ್ಬರು ಸಾಕ್ಷ್ಯ ನೀಡಲು ಸಿದ್ಧರಿದ್ದರೂ ಭಾರತಕ್ಕೆ ಬರಲು ಒಪ್ಪಲಿಲ್ಲ. ವಿಡಿಯೋ ಮೂಲಕ ಅವರ ಸಾಕ್ಷ್ಯ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು.

ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಮತ್ತು ಎನ್‌ಆರ್‌ಐ ಫಿಲ್ಮ್ ಪ್ರೊಡಕ್ಷನ್ ಅಸೋಸಿಯೇಟ್ಸ್ ನಡುವಣ ದಾವೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅಮೆರಿಕದ ಸಾಕ್ಷಿಗಳ ವಿಚಾರಣೆಗೆ ಇದೇ ಮಾರ್ಗವನ್ನು ಒಪ್ಪಿ, ಕೆಲವು ಷರತ್ತುಗಳನ್ನು ವಿಧಿಸಿತು. ತೆರೆಯ ಮೇಲೆ ಕಾಣುವವರೇ ನಿಜವಾದ ಸಾಕ್ಷಿ ಎಂಬುದಕ್ಕೆ ಪ್ರಮಾಣಪತ್ರ ಬೇಕು. ಸಾಕ್ಷಿಯ ಬಳಿ ಹೇಳಿಕೊಡುವವರು ಇರಬಾರದು. ವೆಚ್ಚವನ್ನು ಅರ್ಜಿದಾರರೇ ಭರಿಸಬೇಕು. ವಿಚಾರಣೆ ಭಾರತದ ನ್ಯಾಯಾಲಯದ ವೇಳೆಯಲ್ಲೇ ನಡೆಯಬೇಕು. ಕಾಲವ್ಯತ್ಯಾಸದ ನೆಪ ಸಲ್ಲದು. ಇಲ್ಲಿ ಬೆಳಿಗ್ಗೆ 11 ಗಂಟೆಯಾದಾಗ ದುಬೈಯಲ್ಲಿ 9.30, ನ್ಯೂಯಾರ್ಕ್‌ನಲ್ಲಿ ಮಾತ್ರ ನಡುರಾತ್ರಿ ಕಳೆದಿರುತ್ತದೆ.

ಈಗ ರಾಜ್ಯದ ನ್ಯಾಯಾಲಯಗಳಿಗೆ 2020ರ ವಿಡಿಯೋ ಕಾನ್ಫರೆನ್ಸ್ ನಿಯಮಗಳಿವೆ. ವಿದೇಶದಲ್ಲಿರುವ ಸಾಕ್ಷಿಯ ಬಳಿ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಅಧಿಕಾರಿ ಸಮನ್ವಯಕಾರರಾಗಿರುತ್ತಾರೆ. ಪಾಟೀ ಸವಾಲಿನಲ್ಲಿ ತೋರಿಸಬೇಕಾದ ದಾಖಲೆಗಳು ಮೊದಲೇ ಅಲ್ಲಿಗೆ ತಲುಪಿರಬೇಕು.

ಕ್ರಿಮಿನಲ್ ಪ್ರಕರಣಗಳಲ್ಲಿ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮು ತನಿಖೆಯ ಹಂತದ ವಿನಂತಿ ಪತ್ರಕ್ಕೂ, 319 ಮತ್ತು 320ನೇ ಕಲಮುಗಳು ವಿಚಾರಣೆಯ ಹಂತದ ಕಮಿಷನ್‌ಗೂ ಸಂಬಂಧಿಸಿವೆ.

ಅರ್ಜಿ ಹೇಗಿರಬೇಕು?

ಸಾಕ್ಷಿಯ ವಿಳಾಸ, ಆತ ಸಾಬೀತುಪಡಿಸಬೇಕಾದ ಸಂಗತಿ, ಭಾರತಕ್ಕೆ ಬರಲಾಗದ ಕಾರಣ, ಸ್ವಇಚ್ಛೆಯಿಂದ ನುಡಿಯುವರೇ ಎಂಬ ವಿವರ ಅರ್ಜಿಯಲ್ಲಿರಬೇಕು. ವಿವಾದಾಂಶಗಳು ರಚನೆಯಾದೊಡನೆ ಅರ್ಜಿ ಸಲ್ಲಿಸುವುದು ಲೇಸು. ವಾದ ಆಲಿಸುವ ಹಂತದಲ್ಲಿ ತಂದ ಅರ್ಜಿಯನ್ನು ಕಾಲಹರಣದ ತಂತ್ರವೆಂದು ಎದುರು ಪಕ್ಷ ಆಕ್ಷೇಪಿಸುವುದು ಸಹಜ. ಆಗ ಅರ್ಜಿ ತಿರಸ್ಕೃತವಾದರೆ, ಜಮೀನಿನ ಹಕ್ಕನ್ನು ಹೇಳಬಲ್ಲ ಒಬ್ಬನೇ ಸಾಕ್ಷಿ ಜೀವಂತನಿದ್ದೂ ದಾವೆಗೆ ಒದಗುವುದಿಲ್ಲ.