ಶನಿವಾರವಾಡೆಯ ಇಟ್ಟಿಗೆ

ಪುಣೆಯ ಶನಿವಾರವಾಡೆಯನ್ನು ನೋಡಹೋದವರ ಕಿವಿಗೆ ಒಂದು ಕಥೆ ತಪ್ಪದೆ ಬೀಳುತ್ತದೆ. ಕಲ್ಲಿನ ಕೋಟೆ ಕಟ್ಟಿಸುವ ಅಧಿಕಾರವು ಛತ್ರಪತಿಗಲ್ಲದೆ ಪೇಶ್ವೆಗೆ ಸಲ್ಲದೆಂದು ಆಕ್ಷೇಪ ಬಂದುದರಿಂದ, ತಳಭಾಗವನ್ನು ಮಾತ್ರ ಕಲ್ಲಿನಿಂದ ಕಟ್ಟಿ ಮೇಲಿನದನ್ನು ಇಟ್ಟಿಗೆಯಿಂದ ಪೂರೈಸಿದರಂತೆ. ಇಂಗ್ಲಿಷರ ಫಿರಂಗಿಗಳಿಗೆ ಆ ಇಟ್ಟಿಗೆ ಪುಡಿಯಾಗಿ, ಕಲ್ಲು ಮಾತ್ರ ಉಳಿಯಿತಂತೆ. ಕಥೆ ಸೊಗಸಾಗಿದೆ, ಗೋಡೆಯ ಸಾಕ್ಷ್ಯ ಬೇರೆ.

ಒಂದನೆಯ ಬಾಜೀರಾಯನು ಈ ವಾಡೆಗೆ ತಳಹದಿ ಹಾಕಿಸಿದ್ದು ಅಂದಿನ ಇಂಗ್ಲಿಷ್ ಪಂಚಾಂಗದ ಪ್ರಕಾರ 1730ರ ಜನವರಿ 10, ಶನಿವಾರ. ಗೃಹಪ್ರವೇಶ ನಡೆದುದು 1732ರ ಜನವರಿ 22, ಅದೂ ಶನಿವಾರವೇ. ಆಗ ತಗಲಿದ ವೆಚ್ಚ 16,110 ರೂಪಾಯಿ ಎಂದು ಹೇಳುತ್ತಾರೆ. ಮುಂದಿನ ಪೇಶ್ವೆಗಳು ಚೌಕಗಳನ್ನೂ ಕಾರಂಜಿಗಳನ್ನೂ ಸೇರಿಸಿ ಅದನ್ನು ಬೆಳೆಸಿದರು. ಸುತ್ತಣ ಗೋಡೆಗೆ ಒಂಬತ್ತು ಬುರುಜುಗಳು, ಐದು ಬಾಗಿಲುಗಳು. ಉತ್ತರಕ್ಕೆ ಮುಖಮಾಡಿದ ದಿಲ್ಲಿ ಬಾಗಿಲಿನ ಕದಗಳಲ್ಲಿ ಆನೆಗಳನ್ನು ತಡೆಯುವ ಉಕ್ಕಿನ ಮೊಳೆಗಳಿವೆ.

ಖಡಕಿಯ ಕಾಳಗವಾದದ್ದು 1817ರ ನವೆಂಬರ್ 5ರಂದು. ಎರಡನೆಯ ಬಾಜೀರಾಯನು ಪುಣೆಯನ್ನು ಬಿಟ್ಟು ಹೊರಟ ಮೇಲೆ, ಅದೇ ತಿಂಗಳ 17ರಂದು ನಗರವು ಇಂಗ್ಲಿಷರ ವಶವಾಯಿತು. ವಾಡೆಯ ಮೇಲೆ ಗುಂಡಿನ ದಾಳಿ ನಡೆಯಲಿಲ್ಲ. ಕಟ್ಟಡವು ಇಡಿಯಾಗಿ ಕಂಪನಿಯ ಕೈಸೇರಿ, ಸೆರೆಮನೆಯಾಗಿಯೂ ಆಸ್ಪತ್ರೆಯಾಗಿಯೂ ಬಳಕೆಯಾಯಿತು. ಅದನ್ನು ಅಳಿಸಿದುದು 1828ರ ಫೆಬ್ರವರಿ 27ರಂದು ಹೊತ್ತಿಕೊಂಡ ಬೆಂಕಿ.

ಬೆಂಕಿಗೆ ಅಷ್ಟು ಬಲ ಬಂದುದೇಕೆಂಬುದನ್ನು ವಾಡೆಯ ರಚನೆಯೇ ತಿಳಿಸುತ್ತದೆ. ಉತ್ತರ ಕರ್ನಾಟಕದ ದೇಸಾಯರ ವಾಡೆಗಳನ್ನು ಕಂಡವರಿಗೆ ಈ ಕ್ರಮ ಹೊಸದಲ್ಲ. ನಡುವೆ ಚೌಕ, ಅದರ ಸುತ್ತ ಮರದ ಕಂಬಗಳು, ಅವುಗಳ ಮೇಲೆ ತೊಲೆಗಳು, ತೊಲೆಗಳ ಮೇಲೆ ಅಂತಸ್ತುಗಳು. ಇಲ್ಲಿ ಭಾರ ಹೊತ್ತುದು ಸಾಗುವಾನಿ. ಮರ ಉರಿದೊಡನೆ ಮಹಡಿಗಳು ಕುಸಿದವು. ಒಳಗೆ ಕಲ್ಲಿನ ಜಗಲಿಗಳಷ್ಟೇ ಉಳಿದವು. 1919ರಲ್ಲಿ ಸಂರಕ್ಷಿತ ಸ್ಮಾರಕವಾದ ಬಳಿಕ ನೆಲವನ್ನು ಅಗೆದಾಗ ಬೆಳಕಿಗೆ ಬಂದವು ಈ ತಳಪಾಯಗಳೇ.

ಹೊರಗೋಡೆಯಾದರೋ ಇಂದಿಗೂ ನಿಂತಿದೆ: ಕೆಳಗೆ ಕಲ್ಲು, ಅದರ ಮೇಲೆ ಇಟ್ಟಿಗೆ. ಛತ್ರಪತಿಯ ಆಕ್ಷೇಪದ ಮಾತನ್ನು ಐತಿಹ್ಯವೆಂದು ಇರಿಸಿಕೊಳ್ಳಬಹುದು. ಫಿರಂಗಿಯ ಮಾತನ್ನು ಕೈಬಿಡಲೇಬೇಕು. ಇಟ್ಟಿಗೆಗೆ ಬಂದ ಅಪವಾದವನ್ನು ಆ ಇಟ್ಟಿಗೆಯೇ ಅಲ್ಲಗಳೆಯುತ್ತಿದೆ. ಕಥೆ ಹೇಳುವವರು ತಲೆಯೆತ್ತಿ ನೋಡಿದರೆ ಸಾಕು.