ಮಗುವಿನ ಜಾತಿಯನ್ನು ಯಾರ ಮುಂದೆ ಕೇಳ್ತೀರಿ?

ಸ್ವಲ್ಪ ಉದ್ದದ ಪೋಸ್ಟ್ ಇದು, ಬಿಡುವು ಮಾಡಿಕೊಂಡು ಓದಿ. ನಿಮ್ಮಲ್ಲಿ ಮೇಷ್ಟ್ರುಗಳಿದ್ದರೆ ತಪ್ಪದೆ ಓದಿ.

ಸೈಕಾಲಜಿ ಓದುವ ಮಕ್ಕಳ ಮೊದಲ ವರ್ಷದ ಪುಸ್ತಕದಲ್ಲಿ ಸಂಶೋಧನೆಯ ನೀತಿ ಅಂತ ಒಂದು ಪಾಠ ಇರುತ್ತೆ. ಅದರಲ್ಲಿ ಮಿಲ್‌ಗ್ರಾಂ ಬರ್ತಾನೆ. 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ, ಪಕ್ಕದ ಕೋಣೆಯಲ್ಲಿ ಕೂತವನಿಗೆ ಕರೆಂಟ್ ಶಾಕ್ ಕೊಡ್ತಿದ್ದೇವೆ ಅಂತ ಜನರನ್ನು ನಂಬಿಸಿ ಮಾಡಿದ ಪ್ರಯೋಗ. ಆಮೇಲೆ 1971ರ ಸ್ಟ್ಯಾನ್‌ಫರ್ಡ್. ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರ ಅಂತ ಭಾಗ ಮಾಡಿ, ಎರಡು ವಾರಕ್ಕೆ ಅಂತ ಶುರು ಮಾಡಿದ್ದನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಕೊನೆಗೆ ನಿಯಮಗಳ ಪಟ್ಟಿ: ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು, ಬೇಡ ಅಂದವರನ್ನು ಬಿಡಬೇಕು, ನೋವು ಮಾಡಬಾರದು, ಎಲ್ಲ ಮುಗಿದ ಮೇಲೆ ಕೂರಿಸಿ ವಿವರಿಸಬೇಕು. ಪರೀಕ್ಷೆಗೆ ಒಂದು ಪ್ರಶ್ನೆ. ಅಲ್ಲಿಗೆ ಪಾಠ ಮುಗೀತು.

ನಾನು ಹೇಳಹೊರಟಿರೋದು ಬೇರೆ ಎರಡು ಪ್ರಯೋಗಗಳ ಕತೆ. ಎರಡರಲ್ಲೂ ಇದ್ದವರು ಮಕ್ಕಳು. ಎರಡರಲ್ಲೂ ಆ ಮಕ್ಕಳು "ನಾನು ಇವನು" ಅಂತ ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳಬೇಕಿತ್ತು.

ಮೊದಲನೆಯದು ಕಪ್ಪು ಜನರ ಕತೆ. ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಗಂಡ ಹೆಂಡತಿ, ಇಬ್ಬರೂ ಕಪ್ಪು ಮನಶ್ಶಾಸ್ತ್ರಜ್ಞರು. ಇಬ್ಬರೂ ಡಾಕ್ಟರೇಟ್ ಮಾಡಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ 1913ರಿಂದ 1916ರವರೆಗೆ ನಮ್ಮ ಬಾಬಾಸಾಹೇಬರು ಓದಿದ ಜಾಗದಲ್ಲೇ. ಇವರು 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನಿಟ್ಟರು. ಎಲ್ಲ ಒಂದೇ ಅಚ್ಚಿನವು. ಬಣ್ಣ ಮತ್ತು ಕೂದಲು ಮಾತ್ರ ಬೇರೆ. ಆಡೋಕೆ ಇಷ್ಟವಾದ ಗೊಂಬೆ ಕೊಡು ಅಂದಾಗ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆ ಎತ್ತಿಕೊಟ್ಟವು. ಕೆಟ್ಟದಾಗಿ ಕಾಣೋ ಗೊಂಬೆ ಯಾವುದು ಅಂದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕಂದು ಗೊಂಬೆ ತೋರಿಸಿದವು. ಕೊನೆಯ ಪ್ರಶ್ನೆ: ನಿನ್ನ ಹಾಗಿರೋ ಗೊಂಬೆ ಯಾವುದು?

ಅಲ್ಲಿಯವರೆಗೂ ಆರಾಮಾಗಿದ್ದ ಮಕ್ಕಳಲ್ಲಿ ಕೆಲವರು ಆ ಪ್ರಶ್ನೆಗೆ ಅಳೋಕೆ ಶುರು ಮಾಡಿದರು. ಇಬ್ಬರು ಬಿಕ್ಕುತ್ತಾ ಕೋಣೆಯಿಂದ ಓಡಿಹೋದರು.

ಕ್ಲಾರ್ಕ್ ದಂಪತಿ ಆ ಅಳುವನ್ನು ಮುಚ್ಚಿಡಲಿಲ್ಲ. ಅದನ್ನೂ ಬರೆದಿಟ್ಟರು. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಂನಲ್ಲಿ ಮಕ್ಕಳ ಮನಸ್ಸಿನ ಆರೈಕೆಗೆ ಅಂತಲೇ ನಾರ್ತ್‌ಸೈಡ್ ಅನ್ನೋ ಕೇಂದ್ರ ತೆರೆದರು. ಇವರ ಸಂಶೋಧನೆ ಕೋರ್ಟಿಗೂ ಹೋಯಿತು. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ಬ್ರೌನ್ ಪ್ರಕರಣದಲ್ಲಿ ತೀರ್ಪು ಕೊಟ್ಟಾಗ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಹೆಸರಿತ್ತು. ಮಕ್ಕಳಿಂದ ಪಡೆದದ್ದು ಆ ಮಕ್ಕಳ ಸಮುದಾಯಕ್ಕೇ ವಾಪಸ್ ಬಂತು.

ಎಲ್ಲ ಸಂಶೋಧಕರೂ ಹಾಗೆ ವಾಪಸ್ ಕೊಡಲಿಲ್ಲ. ಇವತ್ತಿನ ನೀತಿ ನಿಯಮಗಳ ಬೇರು ಇರೋದು ಅಲಬಾಮಾದ ಟಸ್ಕೀಗಿಯಲ್ಲಿ. ಅದು ಮನಶ್ಶಾಸ್ತ್ರದ ಪ್ರಯೋಗ ಅಲ್ಲ, ವೈದ್ಯಕೀಯದ್ದು. ಆದರೂ ಅದನ್ನು ಬಿಟ್ಟು ಈ ಇತಿಹಾಸ ಹೇಳೋಕಾಗಲ್ಲ. 1932ರಿಂದ 40 ವರ್ಷ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ 399 ಬಡ ಕಪ್ಪು ಗಂಡಸರನ್ನು ಸುಮ್ಮನೆ ನೋಡುತ್ತಾ ಕೂತಿತು. ರೋಗ ಬಿಟ್ಟರೆ ಏನಾಗುತ್ತೆ ಅಂತ ತಿಳಿಯೋಕೆ. 1940ರ ದಶಕದ ಕೊನೆಗೆ ಪೆನ್ಸಿಲಿನ್ ಬಂದು ಊರೆಲ್ಲ ವಾಸಿಯಾದರೂ ಇವರಿಗೆ ಕೊಡಲಿಲ್ಲ. ಏನು ಕಾಯಿಲೆ ಅಂತ ಅವರಿಗೆ ನಿಜ ಹೇಳಲೂ ಇಲ್ಲ. 1972ರಲ್ಲಿ ಪತ್ರಿಕೆಗಳಲ್ಲಿ ಬಯಲಾಯಿತು. 1974ರಲ್ಲಿ ಕಾನೂನು, 1979ರಲ್ಲಿ ಬೆಲ್ಮಾಂಟ್ ವರದಿ.

ಆ ವರದಿ ಮೂರು ಮಾತು ಹೇಳುತ್ತೆ: ವ್ಯಕ್ತಿಗೆ ಗೌರವ, ಒಳಿತು, ನ್ಯಾಯ. ಮೊದಲೆರಡನ್ನು ಎಲ್ಲರೂ ಬಾಯಿಪಾಠ ಮಾಡ್ತಾರೆ. ನಮಗೆ ಬೇಕಿರೋದು ಮೂರನೆಯದು. ಸಂಶೋಧನೆಯ ಭಾರ ಯಾರ ತಲೆ ಮೇಲೆ, ಲಾಭ ಯಾರ ಮನೆಗೆ? ಬಡವರು, ಜೈಲಲ್ಲಿರುವವರು, ಕಪ್ಪು ಜನರು ಸುಲಭಕ್ಕೆ ಸಿಗ್ತಾರೆ ಅನ್ನೋ ಒಂದೇ ಕಾರಣಕ್ಕೆ ಅವರನ್ನು ಆರಿಸಬೇಡಿ ಅಂತ ಅದರ ಅರ್ಥ.

ಈಗ ನಮ್ಮ ದೇಶಕ್ಕೆ ಬನ್ನಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗವನ್ನು ವಿಶ್ವಬ್ಯಾಂಕ್ 2004ರಲ್ಲಿ ಪ್ರಕಟಿಸಿತು. ಮೇಲ್ಜಾತಿಯ 321 ಹುಡುಗರು, ಚಮಾರ್ ಸಮುದಾಯದ 321 ಹುಡುಗರು. ಎಲ್ಲ ಆರು, ಏಳನೇ ಕ್ಲಾಸಿನವರು. ಆರಾರು ಜನರ ಗುಂಪು ಮಾಡಿ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಮಕ್ಕಳ ಪತ್ರಿಕೆಯಲ್ಲಿ "ಮೊಲಕ್ಕೆ ದಾರಿ ತೋರಿಸಿ" ಅಂತ ಬರುತ್ತಲ್ಲ, ಆ ಥರದ್ದು. ಬಿಡಿಸಿದಷ್ಟಕ್ಕೆ ದುಡ್ಡು.

ಜಾತಿಯ ಮಾತೆತ್ತದೆ ಕೂರಿಸಿದಾಗ ಎರಡೂ ಕಡೆಯ ಹುಡುಗರು ಹೆಚ್ಚುಕಮ್ಮಿ ಸಮಸಮ ಬಿಡಿಸಿದರು. ಬೇರೆ ಗುಂಪುಗಳಲ್ಲಿ ಶುರುವಿಗೆ ಮುಂಚೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಸರಿಯಿದ್ದರೆ ತಲೆ ಆಡಿಸಬೇಕು. ಅಷ್ಟೇ. ಆ ಗುಂಪುಗಳಲ್ಲಿ ನಮ್ಮ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಎದ್ದು ಕಾಣುವಷ್ಟು ಕುಸಿಯಿತು.

ಇನ್ನೊಂದು ಸಂಗತಿ ಇದೆ, ಅದನ್ನು ಬಹಳ ಜನ ಗಮನಿಸಲ್ಲ. ಬಹುಮಾನದ ವಿಷಯದಲ್ಲಿ ಮನುಷ್ಯರ ಜೊತೆ ಅದೃಷ್ಟದ ಚೀಟಿಗೂ ಪಾತ್ರ ಕೊಟ್ಟಾಗ ಆ ಅಂತರ ಮಾಯವಾಯಿತು! ಅಂದರೆ ಹುಡುಗರಿಗೆ ಅನುಮಾನ ಇದ್ದದ್ದು ತಮ್ಮ ತಲೆಯ ಬಗ್ಗೆ ಅಲ್ಲ. ಜಾತಿ ಗೊತ್ತಾದ ಮೇಲೆ ಎದುರಿಗಿರುವ ಮನುಷ್ಯ ನ್ಯಾಯ ಮಾಡ್ತಾನೆ ಅನ್ನೋದರ ಬಗ್ಗೆ. ಮೆರಿಟ್ ಮೆರಿಟ್ ಅಂತ ನಮ್ಮ ಮುಖಕ್ಕೆ ಎರಚುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಾ? ನಾನೇ ಎಷ್ಟೋ ಸಭೆಗಳಲ್ಲಿ ಇದನ್ನು ಹೇಳಿದೀನಿ, ಇನ್ನೂ ಹೇಳ್ತೀನಿ.

ಆದರೆ ಆ ತಲೆ ಆಡಿಸಿದ ಕ್ಷಣ ನನ್ನನ್ನು ಕಾಡುತ್ತೆ. ನಮಗೆ ಸಿಕ್ಕ ಸಾಕ್ಷಿಗೆ ಬೆಲೆ ಕೊಟ್ಟವನು 11, 12 ವರ್ಷದ ಒಬ್ಬ ಹುಡುಗ. ಅವತ್ತು ಯಾರ ಸಹಿ ಇತ್ತು ಅನ್ನೋದು ನನ್ನ ಪ್ರಶ್ನೆ ಅಲ್ಲ. ಆ ಬೆಲೆಗೆ ತಕ್ಕದ್ದು ಅವನ ಕೇರಿಗೆ ವಾಪಸ್ ಹೋಗಬೇಕು ಅನ್ನೋದು ನನ್ನ ವಾದ. ಬ್ರೌನ್ ತೀರ್ಪು ಬಂದ ಹಾಗೆ ಇಲ್ಲೂ ಏನಾದರೂ ಬದಲಾಗಬೇಕು.

ಎಲ್ಲಿ ಬದಲಾಗಬೇಕು ಅಂದರೆ, ನಮ್ಮ ತರಗತಿಗಳಲ್ಲಿ. ಸ್ಕಾಲರ್‌ಶಿಪ್ ಅರ್ಜಿ ಬಂದ ದಿನ "ಎಸ್ಸಿ ಎಸ್ಟಿ ಮಕ್ಕಳೆಲ್ಲ ಎದ್ದು ನಿಂತ್ಕೊಳ್ಳಿ" ಅನ್ನೋ ಮಾತು ಕೇಳದೆ ಓದು ಮುಗಿಸಿದವರು ನಮ್ಮಲ್ಲಿ ಎಷ್ಟು ಜನ? ನಾನೂ ಎದ್ದು ನಿಂತಿದೀನಿ. ಬೆಂಚಿನ ಮೇಲೆ ಕೂತವರು ತಿರುಗಿ ನೋಡಿದ್ದನ್ನೂ ನೋಡಿದೀನಿ. ಹಳ್ಳಿ ಹುಡುಗರನ್ನು ಒಂದು ಗಳಿಗೆ ಕೂರಿಸಿ ಮಾಡಿದ ಪ್ರಯೋಗವನ್ನು ನಮ್ಮ ಶಾಲೆಗಳು ವರ್ಷ ವರ್ಷ ಮಾಡ್ತವೆ. ಒಪ್ಪಿಗೆ ಇಲ್ಲ, ಬೇಡ ಅನ್ನೋ ಹಕ್ಕಿಲ್ಲ, ಆಮೇಲೆ ಕೂರಿಸಿ ಸಮಾಧಾನ ಹೇಳುವವರೂ ಇಲ್ಲ. ಎದ್ದು ನಿಂತ ಮಗುವನ್ನು ಅದೇ ಪೀರಿಯಡ್‌ನಲ್ಲಿ ಲೆಕ್ಕಕ್ಕೆ ಬೋರ್ಡಿನ ಹತ್ತಿರ ಕರೀತಾರೆ. ತಪ್ಪಾದರೆ ಏನಂತಾರೆ ಅನ್ನೋದು ನಿಮಗೆ ಗೊತ್ತೇ ಇದೆ.

ಇಲ್ಲಿ ಒಬ್ಬರು ಎದ್ದು, "ಅದಕ್ಕೇ ಹೇಳೋದು ಜಾತಿ ಕಾಲಮ್ಮೇ ತೆಗೆದುಹಾಕಿ" ಅಂತಾರೆ. ಆ ಆಟ ನಮ್ಮ ಹತ್ತಿರ ಬೇಡ ಸ್ವಾಮಿ. ಎಣಿಸದೆ ಹೋದರೆ ಪಾಲು ಕೇಳೋದು ಹೇಗೆ? ಉತ್ತರ ಪ್ರದೇಶದ ಪ್ರಯೋಗ ಜಾತಿ ಕೇಳಬೇಡಿ ಅಂತ ಹೇಳಲಿಲ್ಲ. ಆರು ಜನರ ಮುಂದೆ ಕೂಗಿ ಹೇಳಿದರೆ ಏನಾಗುತ್ತೆ ಅಂತ ತೋರಿಸಿತು. 2025ರಲ್ಲಿ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಸಮೀಕ್ಷೆ ಮಾಡಿದಾಗ ಮನೆಮನೆ ಭೇಟಿಯ ಜೊತೆಗೆ ಆನ್‌ಲೈನ್‌ನಲ್ಲಿ ನಾವೇ ಬರೆಸುವ ದಾರಿಯೂ ಇತ್ತು. ಬಾಡಿಗೆ ಮನೆ ಮಾಲೀಕನ ಎದುರು ಜಾತಿ ಹೇಳಲಾಗದವರಿಗೆ ಆ ದಾರಿಯ ಬೆಲೆ ಗೊತ್ತು. ಎಣಿಕೆಯೂ ಬೇಕು, ಮರ್ಯಾದೆಯೂ ಬೇಕು. ಎರಡೂ ಒಟ್ಟಿಗೆ ಸಾಧ್ಯ.

ಹಾಗಾಗಿ ಮೇಷ್ಟ್ರುಗಳೇ, ಮೇಡಂಗಳೇ, ಅರ್ಜಿಯನ್ನು ಎಲ್ಲ ಮಕ್ಕಳ ಕೈಗೂ ಕೊಟ್ಟು ಕಳಿಸಿ. ಅರ್ಹರಾದವರ ಮನೆಯವರು ತುಂಬಿ ಕಳಿಸ್ತಾರೆ. ಮಾತಾಡಬೇಕಿದ್ದರೆ ಅಪ್ಪ ಅಮ್ಮನ ಜೊತೆ ಆಫೀಸ್ ರೂಮಿನಲ್ಲಿ ಮಾತಾಡಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸೈಕಾಲಜಿ, ಸಮಾಜಶಾಸ್ತ್ರ ಓದ್ತಿರೋ ನಮ್ಮ ತಮ್ಮ ತಂಗಿಯರೇ, ನಾಳೆ ನೀವೂ ಪ್ರಶ್ನಾವಳಿ ಹಿಡಿದು ಯಾವುದೋ ಕೇರಿಗೆ ಹೋಗ್ತೀರಿ. ಊರ ಯಜಮಾನ ಕೊಟ್ಟ ಒಪ್ಪಿಗೆಯನ್ನು ಕೇರಿಯ ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ. ಕೇಳೋ ಪ್ರಶ್ನೆಯನ್ನು ಯಾರ ಮುಂದೆ ಕೇಳ್ತಿದೀರಿ ಅಂತ ಒಮ್ಮೆ ತಿರುಗಿ ನೋಡಿ. ಮುಗಿದ ಮೇಲೆ ಆ ಕೇರಿಗೆ ಮತ್ತೆ ಹೋಗಿ, ಏನು ತಿಳೀತು ಅಂತ ಅವರಿಗೆ ಅವರ ಮಾತಲ್ಲೇ ಹೇಳಿ ಬನ್ನಿ.

ಈ ಪೋಸ್ಟನ್ನು ನಿಮ್ಮೂರ ಶಾಲೆಯ ವಾಟ್ಸಾಪ್ ಗುಂಪಿಗೂ ಹಾಕಿ. ಜೈ ಭೀಮ್.